ಕೆಂಪು ಕೊಳವೆ, ಬಿಳಿ ಕೊಳವೆ

ಎರಡನೆಯ ಗುಟುಕನ್ನು ನೀವೆಸ್ ಬೊಸ್ಕೇರಿ ಕೂಡಲೇ ನುಂಗಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕಾಯುತ್ತ ಕೂತಳು.

ಏನೂ ಬರಲಿಲ್ಲ.

ಬಾಟಲಿಯ ಮೇಲೆ ಚಿನ್ನದ ಅಕ್ಷರಗಳಿದ್ದವು: ವಲ್ಲೊಂಬ್ರೀನಿ ಮನೆತನದ ‘ಸಾಂತಲ್ವೀಜೆ’. ರಾಜಧಾನಿಯ ದೊಡ್ಡ ಹೋಟೆಲುಗಳಲ್ಲಿ ಅದನ್ನು ಕೈಗೆ ಬಿಳಿಯ ಬಟ್ಟೆ ಸುತ್ತಿಕೊಂಡು ತೆರೆಯುತ್ತಾರೆ. ವೈನ್ ಚೆನ್ನಾಗಿಯೇ ಇತ್ತು. ತುಂಬ ಓದಿಕೊಂಡ ನೆಂಟನೊಬ್ಬ ಬಂದು, ಎಲ್ಲೂ ತಪ್ಪದಂತೆ ಮಾತಾಡಿ ಎದ್ದುಹೋದ ಹಾಗೆ. ಹೋದ ಮೇಲೆ ಏನು ಹೇಳಿದನೆಂದು ನೆನಪಾಗುವುದಿಲ್ಲ.

ಪಕ್ಕದಲ್ಲಿ ಅದೇ ಮನೆತನದ ಇನ್ನೊಂದು ಬಾಟಲಿ. ಅದರ ಮೇಲೆ ಚಿನ್ನವಿಲ್ಲ, ಕಂದು ಕಾಗದದ ಚೀಟಿಯಷ್ಟೇ. ‘ಫೆರಿಯಾಲೆ’, ಒಂಬತ್ತು ಯೂರೋ. ಹೆಸರೇ ಹೇಳುವಂತೆ ವಾರದ ದಿನಗಳ ವೈನ್. ಹಬ್ಬಕ್ಕಲ್ಲ, ನೆಂಟರಿಗಲ್ಲ; ಕೆಲಸ ಮುಗಿಸಿ ಬಂದು ಬೂಟು ಕಳಚಿ, ಬ್ರೆಡ್ಡು ಮತ್ತು ಬೇಯಿಸಿದ ಬೀನ್ಸ್ ಕಾಳಿನ ಜೊತೆ ಕುಡಿಯುವಂಥದ್ದು. ಹನ್ನೊಂದು ವರ್ಷದಿಂದ ನೀವೆಸ್ ರಾತ್ರಿಯ ಊಟಕ್ಕೆ ಕುಡಿಯುತ್ತಿದ್ದದ್ದು ಅದನ್ನೇ.

ಅವಳು ಅದರ ಒಂದು ಗುಟುಕು ಕುಡಿದಳು. ನುಂಗಿದಳು. ನುಂಗಿದ ಮೇಲೂ ಅದು ಮುಗಿಯಲಿಲ್ಲ. ಬಿಸಿಲಿಗೆ ಕಾದ ಕಲ್ಲು, ಕಾಡು ಪುದೀನ, ಎಲ್ಲೋ ದೂರದಲ್ಲಿ ಒದ್ದೆ ಸೌದೆಯ ಹೊಗೆ. ಕಣ್ಣು ಮುಚ್ಚಿದರೆ ಯಾರೋ ಕೈಹಿಡಿದು ಬೆಟ್ಟದ ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ ಅನ್ನಿಸಿತು. ಮೇಲೆ ಇನ್ನೂ ದಾರಿ ಇದೆ, ಅವಸರವಿಲ್ಲ.

ನೀವೆಸ್ ಎರಡು ಗ್ಲಾಸನ್ನೂ ದೂರ ಸರಿಸಿ ಟೋಪಿ ಹಾಕಿಕೊಂಡಳು. ತನ್ನ ನಾಲಿಗೆಯೇನೂ ದೊಡ್ಡ ಪರೀಕ್ಷಕರ ನಾಲಿಗೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಯಾವುದು ಬೆಟ್ಟದ ಮೇಲಿನ ತೋಟದ್ದು, ಯಾವುದು ಕೆಳಗಿನ ತೋಟದ್ದು ಎಂದು ಹೇಳಲು ಅಷ್ಟು ನಾಲಿಗೆ ಬೇಕಾಗಿರಲಿಲ್ಲ.

ಲಪೋ ವಲ್ಲೊಂಬ್ರೀನಿ ತಮ್ಮದೇ ದ್ರಾಕ್ಷಿರಸ ಹುದುಗುವ ಕೋಣೆಯಲ್ಲಿ ಸತ್ತು ಬಿದ್ದು ಅಂದಿಗೆ ಒಂಬತ್ತು ದಿನ. ಅಲ್ಲಿನ ಮೇಜಿನ ಮೇಲೆ ಸಿಕ್ಕಿದ್ದೂ ಇಂಥದ್ದೇ ಎರಡು ಬಾಟಲಿ, ಎರಡು ಗ್ಲಾಸು. ಒಂದು ಗ್ಲಾಸಿನ ಮೇಲೆ ಅವರ ಬೆರಳಿನ ಗುರುತು. ಇನ್ನೊಂದರ ಮೇಲೆ ಯಾರದೂ ಇಲ್ಲ, ಒರೆಸಿಟ್ಟಿದ್ದರು.

*

ಅಕ್ಟೋಬರ್ ತಿಂಗಳಲ್ಲಿ ಪೊಜ್ಜೊಸೆರೇನೊ ಊರು ಪೂರ್ತಿ ಎಚ್ಚರವಾಗಿರುವುದಿಲ್ಲ. ಕಿತ್ತ ದ್ರಾಕ್ಷಿ ತೊಟ್ಟಿಗಳಲ್ಲಿ ನೊರೆಯೇಳುತ್ತ ಕುದಿಯುವ ಆ ಮೂರು ವಾರ, ಅದರ ಸಿಹಿಹುಳಿ ವಾಸನೆ ಬಾಗಿಲ ಸಂದಿಗಳಿಂದ ಹೊರಬಂದು ಬೀದಿಯಲ್ಲಿ ಮಲಗುತ್ತದೆ. ಮಂಜು ಅದನ್ನು ಮೇಲೇಳಲು ಬಿಡುವುದಿಲ್ಲ. ಅಂಗಡಿಯವರು ಚಿಲ್ಲರೆ ಕೊಡಲು ಮರೆಯುತ್ತಾರೆ, ಗಂಟೆ ಬಾರಿಸುವವನು ಒಂದು ಗಂಟೆ ಹೆಚ್ಚಿಗೆ ಬಾರಿಸುತ್ತಾನೆ, ಯಾರೂ ಎಣಿಸಿರುವುದಿಲ್ಲ.

ಠಾಣೆಯ ಮುಖ್ಯಸ್ಥೆಯಾಗಿ ನೀವೆಸ್ ಈ ಊರಿಗೆ ಬಂದದ್ದು ಉತ್ತರದ ಮೀನುಗಾರರ ಊರಿನಿಂದ. ಮೊದಲ ವರ್ಷ ಈ ವಾಸನೆಗೆ ತಲೆನೋವು ಬಂದಿತ್ತು. ಈಗ ಅದಿಲ್ಲದಿದ್ದರೆ ಚಳಿಗಾಲ ಶುರುವಾಗಿದೆ ಅನ್ನಿಸುವುದಿಲ್ಲ. ಅವಳ ಹುದ್ದೆಯ ಹೆಸರು ಹಿಡಿದು ‘ಮರೆಶಾಲ್ಲಾ’ ಎಂದು ಕರೆದು ಅವಳನ್ನು ಊರಿನವಳನ್ನಾಗಿ ಮಾಡಿದವರಲ್ಲಿ ಲಪೋ ಮೊದಲಿಗರು. ಗುರುವಾರ ಸಂಜೆ ಇಬ್ಬರೂ ಚೌಕದ ಬಾರ್‌ನಲ್ಲಿ ಇಸ್ಪೀಟು ಆಡುತ್ತಿದ್ದರು. ಎಂಬತ್ತೊಂದರ ಮುದುಕ, ಎಂಟು ನೂರು ವರ್ಷದ ಮನೆತನ, ರೇಷ್ಮೆಯ ಕರವಸ್ತ್ರ. ಆದರೂ ಎಲೆ ಕದಿಯುತ್ತಿದ್ದರು. ಸಿಕ್ಕಿಬಿದ್ದಾಗ ಮೀಸೆಯಡಿಯಲ್ಲಿ ನಗುತ್ತಿದ್ದರು.

ಶವ ಸಿಗುವ ಮೂರು ದಿನ ಮುಂಚಿನ ಗುರುವಾರ ಅವರು ಬಂದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅದೇ ಮೊದಲ ಸಲ.

ನಿನ್ನೆ ಕನಸಿನಲ್ಲಿ ಬಂದಿದ್ದರು. ಗ್ಲಾಸು ಮುಂದೆ ಹಿಡಿದು, ಹೇಗಿದೆ ಹೇಳಿ ಎಂದು ಕೇಳಿದರು. ಎಚ್ಚರವಾದಾಗ ಅವಳ ಬಾಯಿ ಒಣಗಿತ್ತು.

ಮಂಜಿನಲ್ಲಿ ತೋಟದ ದಾರಿ ಹತ್ತುವಾಗ ಸಾಲುಸಾಲು ಬಳ್ಳಿಗಳು ಒಂದೊಂದಾಗಿ ಕಾಣಿಸಿಕೊಂಡು, ಒಂದೊಂದಾಗಿ ಮರೆಯಾದವು. ಮಧ್ಯಾಹ್ನದ ಎರಡು ಗಂಟೆ. ಸೂರ್ಯ ಹಾಲಿನ ಲೋಟದಲ್ಲಿ ಬಿದ್ದ ನಾಣ್ಯದ ಹಾಗಿದ್ದ. ನೆಲಮಾಳಿಗೆಯ ಬಾಗಿಲು ತೆರೆದಿತ್ತು.

*

ಒಳಗೆ ಹೋದವಳು ಮೊದಲು ನೋಡಿದ್ದು ಗೋಡೆಯನ್ನು.

ಬೆಟ್ಟದ ಮೇಲಿನ ತೋಟದ ವೈನ್ ಕೆಂಪು ಪಟ್ಟಿಯ ಕೊಳವೆಯಲ್ಲಿ ಇಳಿಯುತ್ತದೆ. ಕೆಳಗಿನ ತೋಟದ್ದು ಬಿಳಿ ಪಟ್ಟಿಯದರಲ್ಲಿ. ಕೆಂಪು ಕೊಳವೆ ಎಡಗಡೆಯ ಪೀಪಾಯಿಗಳಿಗೆ ಹೋಗಿ ಸಾಂತಲ್ವೀಜೆ ಆಗುತ್ತದೆ. ಬಿಳಿಯದು ಬಲಗಡೆಗೆ ಹೋಗಿ ಫೆರಿಯಾಲೆ. ಮೇಲಿನ ತೋಟಕ್ಕೆ ಹೆಸರು, ಕೆಳಗಿನ ತೋಟಕ್ಕೆ ಅಗ್ಗದ ಚೀಟಿ. ಊರಿನ ಮಕ್ಕಳಿಗೂ ಗೊತ್ತಿರುವ ಏರ್ಪಾಡು.

ಎರಡು ಕೊಳವೆಗಳೂ ಹಳೆಯವು. ಉದ್ದಕ್ಕೂ ಕಿಲುಬು, ಜೇಡರ ಬಲೆ, ಬೆರಳಿನಷ್ಟು ದಪ್ಪ ಧೂಳು. ಅವು ಪೀಪಾಯಿಗಳ ಕಡೆಗೆ ತಿರುಗುವ ಜಾಗದಲ್ಲಿ ಮಾತ್ರ ಎರಡು ಹಿತ್ತಾಳೆಯ ತಿರುಪುಗಳು ಹೊಸ ಉಂಗುರದ ಹಾಗೆ ಹೊಳೆಯುತ್ತಿದ್ದವು. ನೀವೆಸ್ ಬೆರಳಿಟ್ಟು ನೋಡಿದಳು. ಧೂಳಿಲ್ಲ. ವರ್ಷವರ್ಷವೂ ಯಾರೋ ಅವನ್ನು ಬಿಚ್ಚಿ ಮತ್ತೆ ಹಾಕಿದ್ದರು.

“ಮಟಮಟ ಮಧ್ಯಾಹ್ನ ಕುಡ್ಕೊಂಡ್ ಬಂದಿದೀರ,” ಎಂದಿತು ಪೀಪಾಯಿಗಳ ಆಚೆಯಿಂದ ಒಂದು ದನಿ. “ಮೊದ್ಲು ಸಾಂತಲ್ವೀಜೆ, ಆಮೇಲೆ ಫೆರಿಯಾಲೆ. ಹೌದಲ್ವಾ?”

ಇಸೋಲಿನಾ ಜಗ್ಗು ಹಿಡಿದು ಈಚೆ ಬಂದಳು. ಎಪ್ಪತ್ತೆರಡು ವರ್ಷದ, ಗಿಡ್ಡನೆಯ, ಕುಪ್ಪಸದ ತೋಳು ಮಡಚಿದ ಹೆಂಗಸು. ಇಪ್ಪತ್ತನೆಯ ವಯಸ್ಸಿಗೆ ದ್ರಾಕ್ಷಿ ಕೀಳಲು ಬಂದವಳು, ಮೂವತ್ತು ವರ್ಷದಿಂದ ಈ ನೆಲಮಾಳಿಗೆಯ ಯಜಮಾನಿ. ಊರಿಗೆಲ್ಲ ಅವಳು ದೊಡ್ಡಮ್ಮ. ಹತ್ತು ಹೆಜ್ಜೆ ದೂರದಿಂದ ಉಸಿರಿನ ವಾಸನೆ ಹಿಡಿದು ಯಾವ ಬಾಟಲಿ ಎಂದು ಹೇಳಬಲ್ಲ ಮೂಗು ಅವಳದು.

“ಹೌದು ದೊಡ್ಡಮ್ಮ,” ಎಂದಳು ನೀವೆಸ್. “ಆದ್ರೆ ಯಾವ್ದು ಯಾವ್ದು ಅಂತ ನೀವೇ ಹೇಳ್ಬೇಕು.”

ಇಸೋಲಿನಾಳ ಕಣ್ಣು ಒಂದು ಸಲ ಗೋಡೆಯ ಕಡೆ ಹೋಗಿ ಬಂತು. ಜಗ್ಗನ್ನು ಪೀಪಾಯಿಯ ಮೇಲಿಟ್ಟಳು. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ. ಇಷ್ಟು ದಿನ ಯಾರಾದರೂ ಕೇಳಲಿ ಎಂದೇ ಕಾದಿದ್ದವಳ ಹಾಗೆ ಮಗುಚಿಟ್ಟ ಬುಟ್ಟಿಯ ಮೇಲೆ ಕೂತು ನಿಧಾನವಾಗಿ ಹೇಳತೊಡಗಿದಳು.

ಲಪೋ ಅವರ ತಂದೆಯ ಕಾಲದಲ್ಲಿ ಒಂದು ವರ್ಷ ಏಪ್ರಿಲ್ ತಿಂಗಳಲ್ಲಿ ಹಿಮ ಬಿದ್ದಿತ್ತಂತೆ. ಚಿಗುರು ಸುಟ್ಟುಹೋಗಬೇಕು, ಅಷ್ಟರಲ್ಲಿ ಊರಿಗೆ ಊರೇ ಮನೆಯ ಸೌದೆ, ಮುರಿದ ಕುರ್ಚಿ, ತೊಟ್ಟಿಲು ಕೂಡ ಹೊತ್ತು ತಂದು ಬೆಟ್ಟದ ಮೇಲೆ ಸಾಲುಸಾಲಿಗೆ ಬೆಂಕಿ ಹಾಕಿ ಬಳ್ಳಿಗಳನ್ನು ಉಳಿಸಿತು. ಯಾರೂ ಏನೂ ಕೇಳಲಿಲ್ಲ. ಆ ಬೇಸಿಗೆಯಲ್ಲಿ ಹಿರಿಯ ಯಜಮಾನರು ಚೌಕದಲ್ಲಿ ನಿಂತು, ಇನ್ನು ಮೇಲೆ ಮೇಲಿನ ತೋಟದ ವೈನ್ ನಿಮ್ಮ ವಾರದ ದಿನಗಳದು ಎಂದು ಮಾತು ಕೊಟ್ಟರು. ಫೆರಿಯಾಲೆ ಹುಟ್ಟಿದ್ದು ಹಾಗೆ. ಅವರು ಹೋದರು, ಲಪೋ ಬಂದರು. ಒಳ್ಳೆಯ ವೈನಿಗೆ ಒಳ್ಳೆಯ ಹೆಸರಿಟ್ಟು ದೂರದ ಊರುಗಳಿಗೆ ಕಳಿಸಿದರು. ಫೆರಿಯಾಲೆಯ ಚೀಟಿ ಕೆಳಗಿನ ತೋಟಕ್ಕೆ ಇಳಿಯಿತು.

“ನಾನೇನ್ ಕದ್ದಿಲ್ಲ ಮಗಳೇ,” ಎಂದಳು ಇಸೋಲಿನಾ. “ಒಂದ್ ಹನಿ ಮನೆಗ್ ತಗೊಂಡ್ ಹೋಗಿಲ್ಲ. ಪೈಪ್ ಅದಲುಬದಲು ಮಾಡ್ದೆ, ಅಷ್ಟೆ.”

“ಎಷ್ಟು ವರ್ಷದಿಂದ?”

“ಹನ್ನೆರಡು.”

ನೀವೆಸ್‌ಗೆ ನಗು ಬಂತು, ತಡೆದುಕೊಂಡಳು. ಹನ್ನೆರಡು ವರ್ಷ ದೊಡ್ಡ ಹೋಟೆಲುಗಳಲ್ಲಿ ಬಿಳಿಯ ಬಟ್ಟೆ ಸುತ್ತಿ ಸುರಿದದ್ದು ಕೆಳಗಿನ ತೋಟದ ವೈನ್. ಪರೀಕ್ಷಕರು ಅದಕ್ಕೆ ಪುಟಗಟ್ಟಲೆ ಹೊಗಳಿಕೆ ಬರೆದಿದ್ದರು. ಅದೇ ಹೊತ್ತಿಗೆ ಪೊಜ್ಜೊಸೆರೇನೊದ ಗಾರೆಯವರು, ಅಂಚೆಯವನು, ಅವಳು ಸ್ವತಃ, ಬೂಟು ಕಳಚಿ ಕೂತು ರಾಜರ ವೈನ್ ಕುಡಿಯುತ್ತಿದ್ದರು.

ಇದು ಲಪೋ ಅವರಿಗೆ ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಅಂಥ ನಾಲಿಗೆ ಅವರದು.

ಇಸೋಲಿನಾ ಕುಪ್ಪಸದ ತೋಳನ್ನು ಇನ್ನೊಂದು ಸುತ್ತು ಮಡಚಿದಳು. ಆಮೇಲೆ, ಅವರು ಬಾಟಲಿಗೆ ತುಂಬಿದ್ದನ್ನು ಎಂದೂ ಕುಡಿಯುತ್ತಿರಲಿಲ್ಲ, ಪೀಪಾಯಿಗೆ ಇಳಿಯುವ ಮುಂಚೆ ತೊಟ್ಟಿಯಲ್ಲೇ ರುಚಿ ನೋಡಿ ತೀರ್ಮಾನಿಸುವುದು ಅವರ ಅಭ್ಯಾಸ ಎಂದಳು. ಅದೂ ಎರಡು ವರ್ಷದಿಂದ ನಿಂತಿತ್ತು. ಒಂದು ಚಳಿಗಾಲದ ಜ್ವರ ಬಿಟ್ಟ ಮೇಲೆ ಅವರಿಗೆ ವಾಸನೆ ಹತ್ತುತ್ತಿರಲಿಲ್ಲ, ರುಚಿ ತಿಳಿಯುತ್ತಿರಲಿಲ್ಲ. ಅದನ್ನು ಮಗಳಿಗೂ ಹೇಳಿರಲಿಲ್ಲ. ಇಸೋಲಿನಾ ಕುಡಿದು ಹೇಳುತ್ತಿದ್ದಳು, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಪ್ರತಿ ಸಂಜೆ. ಅವಳು ಹೇಳಿದ್ದೇ ಅವರ ರುಚಿ.

ಕುರುಡನಿಗೆ ಸುಳ್ಳು ಬಣ್ಣ ತೋರಿಸಿದ ಹಾಗಾಯಿತಲ್ಲ ಎಂದು ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆ ಗುರುವಾರ ಎಲ್ಲವನ್ನೂ ಹೇಳಿಬಿಟ್ಟಳು.

“ಬೈದ್ರಾ?”

“ನಕ್ರು. ಕಣ್ಣಲ್ಲಿ ನೀರು ಬರೋವಷ್ಟು ನಕ್ರು. ‘ಕಡೆಗೂ ನಮ್ಮಪ್ಪನೇ ಗೆದ್ದ ನೋಡು’ ಅಂದ್ರು.”

ಭಾನುವಾರದ ಊಟಕ್ಕೆ ಊರಿನವರನ್ನೆಲ್ಲ ಕರೆದು ತಾವೇ ಹೇಳುತ್ತೇನೆ ಎಂದರಂತೆ. ಆ ಊಟ ನಡೆಯಲಿಲ್ಲ. ಭಾನುವಾರ ಮಧ್ಯಾಹ್ನ, ಚರ್ಚಿನ ಪ್ರಾರ್ಥನೆ ಮುಗಿಸಿ ಬಂದ ಇಸೋಲಿನಾಳೇ ಅವರ ಶವವನ್ನು ಕಂಡಳು. ಹುದುಗುವ ರಸದಿಂದ ಏಳುವ ಕೆಟ್ಟ ಗಾಳಿಯನ್ನು ಹೊರಗೆ ದಬ್ಬುವ ದೊಡ್ಡ ಫ್ಯಾನ್ ನಿಂತಿತ್ತು. ಆ ಗಾಳಿಗೆ ಬಣ್ಣವಿಲ್ಲ, ಮುನ್ಸೂಚನೆಯಿಲ್ಲ. ಮನುಷ್ಯ ನಿದ್ದೆ ಬಂದ ಹಾಗೆ ಕುಸಿಯುತ್ತಾನೆ. ಊರಿನ ವೃದ್ಧ ಡಾಕ್ಟರು ಫ್ಯಾನನ್ನು ನೋಡಿ, ಶವವನ್ನು ನೋಡಿ, ಒಂದು ಗಂಟೆಯ ಹಿಂದೆ ಹೋಗಿರಬೇಕು ಎಂದಿದ್ದರು. ಫ್ಯಾನಿನ ಗುಂಡಿ ಇರುವುದು ಬಾಗಿಲ ಹೊರಗೆ.

ನೀವೆಸ್ ಒಂಬತ್ತು ದಿನದಿಂದ ಕೇಳುತ್ತಿದ್ದ ಪ್ರಶ್ನೆ ಒಂದೇ. ಈಗ ಮತ್ತೆ ಕೇಳಿದಳು.

“ಫ್ಯಾನ್ ಆರಿಸಿದ್ದು ಯಾರು ದೊಡ್ಡಮ್ಮ?”

“ನಾನು.”

ಇಸೋಲಿನಾ ಎರಡು ಕೈಗಳನ್ನೂ ಮುಂದೆ ಚಾಚಿದಳು. ಮಣಿಕಟ್ಟಿನ ತನಕ ನೇರಳೆ ಬಣ್ಣ ಹಿಡಿದ ಕೈಗಳು. ಊರಿನ ಮುಂದೆ ನನ್ನ ಮಾನ ಹೋಗುತ್ತಿತ್ತು, ಅದಕ್ಕೇ ಮಾಡಿದೆ ಎಂದಳು. ಅಂಗಡಿಯ ಸಾಮಾನಿನ ಪಟ್ಟಿ ಓದಿದ ಹಾಗೆ ಹೇಳಿದಳು.

ನೀವೆಸ್ ಬೇಡಿ ತೆಗೆಯಲಿಲ್ಲ. ಮಾನಕ್ಕೆ ಹೆದರಿದವಳು ತಾನಾಗಿ ಹೋಗಿ ಯಜಮಾನರಿಗೆ ಹೇಳುವುದುಂಟೇ? ಈ ಮುದುಕಿ ಯಾರನ್ನೋ ಬೆನ್ನ ಹಿಂದೆ ನಿಲ್ಲಿಸಿಕೊಂಡು ಮಾತಾಡುತ್ತಿದ್ದಾಳೆ ಅನ್ನಿಸಿತು.

*

“ದೊಡ್ಡಮ್ಮ ಸುಳ್ಳು ಹೇಳ್ತಿದಾರೆ.”

ಮೆಟ್ಟಿಲ ಮೇಲೆ, ಮಂಜಿನ ಬಿಳಿಯ ಬೆಳಕಿಗೆ ಬೆನ್ನು ಮಾಡಿ, ಲಪೋ ಅವರ ಮಗಳು ಸ್ವೇವಾ ನಿಂತಿದ್ದಳು. ಮೂವತ್ತನಾಲ್ಕು ವರ್ಷದವಳು, ತಂದೆಯ ಹಳೆಯ ಕೋಟು ತೊಟ್ಟಿದ್ದಳು. ತೋಳುಗಳು ಬೆರಳಿನ ತುದಿಯವರೆಗೂ ಇಳಿಬಿದ್ದಿದ್ದವು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

ಇಸೋಲಿನಾ ಗದರಿಸುವಂತೆ ಕೈ ಎತ್ತಿದಳು. ಸ್ವೇವಾ ನಿಲ್ಲಲಿಲ್ಲ. ಇಳಿದು ಬಂದು, ಪೀಪಾಯಿಗೆ ಒರಗಿ, ನೆಲ ನೋಡುತ್ತ ಎಲ್ಲ ಹೇಳಿದಳು.

ತೋಟವನ್ನು, ಹೆಸರನ್ನು, ಮನೆಯನ್ನು ಕೊಳ್ಳಲು ಹೊರದೇಶದ ಕಂಪನಿಯೊಂದು ಮುಂದೆ ಬಂದಿತ್ತು. ಮಂಗಳವಾರ ಸಹಿ ಆಗಬೇಕಿತ್ತು. ಶುಕ್ರವಾರ ತಂದೆ ಅವಳನ್ನು ಕರೆದು, ಭಾನುವಾರ ಊರಿಗೆಲ್ಲ ಏನು ಹೇಳಲಿದ್ದೇನೆ ಎಂದು ತಿಳಿಸಿದರು. ಸಾಂತಲ್ವೀಜೆ ಬರೀ ಚೀಟಿ ಎಂದಾದರೆ ಯಾರು ಕೊಳ್ಳುತ್ತಾರೆ? ಶನಿವಾರವಿಡೀ ಅವಳು ತಂದೆಗೆ ಮುಖ ತೋರಿಸಲಿಲ್ಲ. ಅವರು ಮನೆಯ ಆ ತುದಿಯಲ್ಲಿ, ಇವಳು ಈ ತುದಿಯಲ್ಲಿ. ಭಾನುವಾರ ಹನ್ನೊಂದಕ್ಕೆ, ಎಲ್ಲರೂ ಚರ್ಚಿನಲ್ಲಿದ್ದಾಗ, ಹುದುಗುವ ಕೋಣೆಗೆ ಹೋದಳು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಹೊರಗೆ ನಿಂತೇ ಕೂಗಾಡಿದಳು. ಫ್ಯಾನಿನ ಸದ್ದಿಗೆ ಏನೂ ಕೇಳುತ್ತಿರಲಿಲ್ಲ.

“ಅದಕ್ಕೇ ಆರಿಸ್ದೆ. ನನ್ನ ಮಾತು ಅಪ್ಪಂಗೆ ಕೇಳ್ಲಿ ಅಂತ.”

ಒಳಗಿನಿಂದ ಉತ್ತರ ಬಂತು. ಒಂದೇ ಮಾತು. ಅದನ್ನು ಕೇಳಿ ಅವಳಿಗೆ ಎದೆ ತುಂಬಿ ಬಂತು, ನಿಲ್ಲಲಾಗಲಿಲ್ಲ. ಬಳ್ಳಿಗಳ ನಡುವೆ ಓಡಿದಳು, ಮಂಜಿನಲ್ಲಿ ಕೂತು ಅತ್ತಳು. ಫ್ಯಾನ್ ಮತ್ತೆ ಹಾಕಬೇಕು ಎನ್ನುವುದು ನೆನಪಾದದ್ದು ಊರಿನ ಗಂಟೆ ಬಾರಿಸಿದಾಗ. ಅಷ್ಟರಲ್ಲಿ ಇಸೋಲಿನಾಳ ಚೀರಾಟ ಕೇಳಿಸಿತು. ಓಡಿ ಬಂದಾಗ ಬಾಗಿಲ ಅಗುಳಿ ತೆಗೆದಿತ್ತು; ಅಪ್ಪನೇ ತೆಗೆದು ಕುಸಿದಿರಬೇಕು ಎಂದುಕೊಂಡಳು.

“ನಮ್ಮಪ್ಪನ್ನ ಕೊಂದಿದ್ದು ನಾನು ಮರೆಶಾಲ್ಲಾ. ಮರೆತು ಕೊಂದೆ.”

ತಾಯಿ ಇಲ್ಲದ ಅವಳನ್ನು ಎತ್ತಿ ಆಡಿಸಿದವಳು ಇಸೋಲಿನಾ. ಮುದುಕಿ ಯಾರಿಗಾಗಿ ಕೈ ಚಾಚಿದಳೆಂದು ಈಗ ತಿಳಿಯಿತು ಎಂದುಕೊಂಡಳು ನೀವೆಸ್. ಅವಳಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಸತ್ಯ ಸಿಕ್ಕಿತ್ತು, ಆದರೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಲಪೋ ಅವರ ಕೋಟಿನೊಳಗೆ ಮುದುಡಿ ನಿಂತ ಆ ಹುಡುಗಿಯನ್ನು ನೋಡುತ್ತ ನಿಂತಳು.

ಆಗ ಜೇಬಿನಲ್ಲಿ ಫೋನ್ ಅದುರಿತು.

*

ನೆಲಮಾಳಿಗೆಯಲ್ಲಿ ದನಿ ಕಡಿದು ಕಡಿದು ಬರುತ್ತಿತ್ತು. ನೀವೆಸ್ ಮೂರು ಮೆಟ್ಟಿಲು ಹತ್ತಿ ನಿಂತಳು. ಶವಪರೀಕ್ಷೆ ಮಾಡಿದ ನಗರದ ವೈದ್ಯೆ. ವರದಿ ನಾಳೆ ಬರುತ್ತದೆ, ಆದರೆ ಎರಡು ವಿಷಯ ಈಗಲೇ ಹೇಳಬೇಕು ಎಂದರು.

ಮೊದಲನೆಯದು: ಲಪೋ ಕೆಟ್ಟ ಗಾಳಿಯಿಂದ ಸತ್ತಿಲ್ಲ. ಉಸಿರು ಕಟ್ಟಿದ ಯಾವ ಗುರುತೂ ಇಲ್ಲ. ಹೃದಯ ನಿಂತಿದೆ, ಯಾಕೆ ನಿಂತಿತು ಎನ್ನುವುದನ್ನು ಇನ್ನೂ ಹುಡುಕುತ್ತಿದ್ದಾರೆ.

ಎರಡನೆಯದು: ಕೋಣೆಯ ಬಿಸಿಗೆ ಶವ ಬೆಚ್ಚಗೇ ಉಳಿದು ಊರಿನ ಡಾಕ್ಟರಿಗೆ ಹೊತ್ತು ಅಂದಾಜಾಗಿಲ್ಲ. ಅವರು ಸತ್ತದ್ದು ಭಾನುವಾರ ಅಲ್ಲ.

“ಮತ್ತೆ ಯಾವಾಗ?”

“ಶನಿವಾರ ಸಂಜೆ. ಸೂರ್ಯ ಮುಳುಗೋ ಹೊತ್ತಿಗೆಲ್ಲ ಹೋಗ್ಬಿಟ್ಟಿದ್ರು. ಅದ್ರಲ್ಲಿ ನಂಗೆ ಅನುಮಾನವೇ ಇಲ್ಲ.”

ನೀವೆಸ್ ಫೋನನ್ನು ನಿಧಾನವಾಗಿ ಜೇಬಿಗೆ ಹಾಕಿದಳು. ಹೊರಗೆ ಮಂಜು ಮೆಟ್ಟಿಲ ಅಂಚಿನವರೆಗೂ ಬಂದು ನಿಂತಿತ್ತು. ಹುದುಗಿನ ವಾಸನೆ ಇನ್ನೂ ದಟ್ಟವಾಗಿತ್ತು, ಒಂದು ಕ್ಷಣ ತಾನೂ ಕನಸಿನಲ್ಲೇ ಇದ್ದೇನೋ ಅನ್ನಿಸಿತು. ಕಲ್ಲಿನ ಗೋಡೆಯನ್ನು ಮುಟ್ಟಿದಳು. ತಣ್ಣಗಿತ್ತು.

ಕೆಳಗಿಳಿದು, ಸ್ವೇವಾಳ ಭುಜ ಹಿಡಿದು ಬುಟ್ಟಿಯ ಮೇಲೆ ಕೂರಿಸಿ, ನಿನ್ನ ತಂದೆಯನ್ನು ನೀನು ಕೊಂದಿಲ್ಲ ಎಂದು ಹೇಳಿದಳು. ನೀನು ಗುಂಡಿ ಒತ್ತುವ ಹೊತ್ತಿಗೆ ಅವರು ಹೋಗಿ ಇಡೀ ಒಂದು ರಾತ್ರಿ ಕಳೆದಿತ್ತು ಎಂದು ಹೇಳಿದಳು. ಸ್ವೇವಾ ಮೊದಲು ಅಳಲು ಶುರುಮಾಡಿದಳು. ಆಮೇಲೆ, ಮಾತಿನ ಅರ್ಥ ಒಳಗೆ ಇಳಿದ ಹಾಗೆ, ಅಳು ನಿಂತುಹೋಯಿತು. ಮುಖ ಬಿಳಿಚಿಕೊಂಡಿತು.

“ಹಾಗಾದ್ರೆ ಒಳಗಿಂದ ಮಾತಾಡಿದ್ದು?”

“ಅದನ್ನೇ ಕೇಳ್ತಿದೀನಿ. ಏನಂದ್ರು? ಒಂದಕ್ಷರ ಬಿಡ್ದೆ ಹೇಳು.”

ಸ್ವೇವಾ ಕೋಟಿನ ತೋಳಿನೊಳಗೆ ಬೆರಳುಗಳನ್ನು ಎಳೆದುಕೊಂಡಳು. ದನಿ ಒರಟಾಗಿತ್ತು, ನೆಗಡಿಯಾದವರ ಹಾಗಿತ್ತು ಎಂದಳು. ತಂದೆಯದೇ ದನಿ, ಆದರೂ ಯಾಕೋ ವಯಸ್ಸು ಇಳಿದಂತಿತ್ತು.

“‘ಅಳ್ಬೇಡ ಕಪ್ಪೆಮರಿ, ಮನೆಗ್ ಹೋಗು’ ಅಂದ್ರು. ಅಪ್ಪ ನನ್ನ ಯಾವತ್ತೂ ಹಾಗೆ ಕರ್ದೋರಲ್ಲ. ಅದಕ್ಕೇ... ಅದಕ್ಕೇ ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ.”

“ಹಾಗೆ ಕರೀತಿದ್ದೋರು ಯಾರು?”

ಉತ್ತರ ಪಿಸುಮಾತಾಗಿ ಬಂತು.

“ಬಿಂದೋ. ನಮ್ಮಣ್ಣ.”

ಬಿಂದೋ ವಲ್ಲೊಂಬ್ರೀನಿಯ ಕಥೆ ನೀವೆಸ್‌ಗೆ ಗೊತ್ತಿತ್ತು. ಕಡತಕ್ಕೆ ಸಹಿ ಹಾಕಿ ಮುಚ್ಚಿದವಳು ಅವಳೇ. ಒಂಬತ್ತು ವರ್ಷದ ಹಿಂದೆ ತಂದೆಯೊಂದಿಗೆ ಜಗಳವಾಡಿ ದೋಣಿ ತೆಗೆದುಕೊಂಡು ಸಮುದ್ರಕ್ಕೆ ಹೋದವನು. ದೋಣಿ ಮಗುಚಿದ್ದು ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಖಾಲಿ ಪೆಟ್ಟಿಗೆಯನ್ನು ಹೂತಾಗ ಲಪೋ ಚರ್ಚಿನ ಹೊರಗೇ ನಿಂತಿದ್ದರು.

ಸ್ವೇವಾ ಕೋಟಿನ ಕಾಲರನ್ನು ಮುಖದವರೆಗೆ ಎಳೆದುಕೊಂಡಳು. ನೀವೆಸ್ ಅವಳಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದವಳು ಇಸೋಲಿನಾಳ ಕಡೆ ತಿರುಗಿದಳು.

ಮುದುಕಿಯ ಮುಖದಲ್ಲಿ ಬೆರಗಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅವಳು ಎದ್ದು, ಸದ್ದಾಗದಂತೆ ಮೆಟ್ಟಿಲ ಮೇಲಿನ ಬಾಗಿಲನ್ನು ಮುಚ್ಚಿ ಬಂದಳು. ಕೊನೆಯ ಸಾಲಿನ ದೊಡ್ಡ ಪೀಪಾಯಿಗಳ ಹಿಂದಿನ ಕತ್ತಲನ್ನು ಒಮ್ಮೆ ನೋಡಿ, ತುಟಿಯ ಮೇಲೆ ನೇರಳೆ ಬೆರಳಿಟ್ಟಳು.

“ಮೆಲ್ಲಗ್ ಮಾತಾಡಿ,” ಎಂದಳು. “ಈಗಷ್ಟೇ ಅವನಿಗೆ ನಿದ್ದೆ ಹತ್ತಿದೆ.”